ಇಳಿದ ಊತ ಅದೇ ಮಂಡಿಗೆ ಮತ್ತೆ ಯಾಕೆ ಬಂತು?

ಪ್ರಶ್ನೆ: ನಮ್ಮದು ಪಾಂಡವಪುರದ ಹತ್ತಿರದ ಹಳ್ಳಿ. ಮಗಳಿಗೆ ನಾಲ್ಕು ವರ್ಷ. ಹೋದ ವರ್ಷ ಅವಳ ಬಲಮಂಡಿ ಊದಿಕೊಂಡಿತು. ಬೆಳಿಗ್ಗೆ ಎದ್ದಾಗ ಕುಂಟುತ್ತಿದ್ದಳು, ಆಮೇಲೆ ಸರಿಹೋಗುತ್ತಿತ್ತು. ಮೈಸೂರಿನಲ್ಲಿ ತೋರಿಸಿದೆವು. ಮಕ್ಕಳ ಸಂಧಿವಾತ ಅಂದರು. ಮಂಡಿಗೆ ಇಂಜೆಕ್ಷನ್ ಹಾಕಿದ ಮೇಲೆ ಪೂರ್ತಿ ಇಳಿಯಿತು. ಆರು ತಿಂಗಳಾದ ಮೇಲೆ ಅದೇ ಮಂಡಿ ಮತ್ತೆ ಊದಿದೆ, ಎಡ ಪಾದದ ಕೀಲೂ ಊದಿದೆ. ಇಳಿದ ಊತ ಅದೇ ಮಂಡಿಗೆ ಮತ್ತೆ ಯಾಕೆ ಬಂತು? ಅವಳ ಬಿಳಿ ರಕ್ತಕಣಗಳೇ ಕೀಲಿಗೆ ತೊಂದರೆ ಕೊಡುತ್ತಿವೆ ಎಂದು ಡಾಕ್ಟರು ಹೇಳಿದರು. ಕಾಯಬೇಕಾದ ಕಣಗಳು ಹೀಗೆ ಯಾಕೆ ಮಾಡುತ್ತವೆ? ಆರ್‌ಎ ಫ್ಯಾಕ್ಟರ್ ನೆಗೆಟಿವ್ ಇದೆ, ಎಎನ್ಎ ಪಾಸಿಟಿವ್ ಇದೆ. ಈಗ ಮೆಥೋಟ್ರೆಕ್ಸೇಟ್ ಬರೆದಿದ್ದಾರೆ. ಔಷಧಿ ಅಂಗಡಿಯವರು ಅದು ಕ್ಯಾನ್ಸರ್ ಮಾತ್ರೆ ಅಂದರು. ಭಯ ಆಗಿ ಇನ್ನೂ ಶುರು ಮಾಡಿಲ್ಲ. ಶಕ್ತಿ ಬರಲಿ ಎಂದು ಅಮೃತಬಳ್ಳಿ ಕಷಾಯ ಕೊಡುತ್ತಿದ್ದೇವೆ. ನಮ್ಮತ್ತೆ ನಂಜು ಅಂತ ಬದನೆಕಾಯಿ, ಮೊಸರು ನಿಲ್ಲಿಸಿದ್ದಾರೆ. ಏನು ಮಾಡಬೇಕು?

ಉತ್ತರ: ನೋಡಿ ತಾಯಿ, ಮೊದಲಿಗೆ ಒಂದು ಮಾತು. ಈ ಕಾಯಿಲೆ ನೀವು ಮಾಡಿದ ಯಾವುದರಿಂದಲೂ ಬಂದದ್ದಲ್ಲ. ಬಸುರಿಯಲ್ಲಿ ತಿಂದದ್ದರಿಂದಲ್ಲ, ಮಗು ಬಿದ್ದದ್ದರಿಂದಲ್ಲ, ತಣ್ಣೀರಲ್ಲಿ ಆಡಿದ್ದರಿಂದಲೂ ಅಲ್ಲ. ಎಚ್‌ಎಲ್‌ಎ ಎಂಬ ಗುಂಪಿನ ಕೆಲವು ಜೀನುಗಳಿದ್ದರೆ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ. ಆದರೆ ಒಂದೇ ಥರದ ಅವಳಿ ಮಕ್ಕಳಲ್ಲಿ ಒಂದಕ್ಕೆ ಬಂದು ಇನ್ನೊಂದಕ್ಕೆ ಬಾರದೆ ಇರುವುದು ಸಾಮಾನ್ಯ. ಹಾಗಾಗಿ ಜೀನು ಒಂದೇ ಕಾರಣ ಅನ್ನುವ ಹಾಗೂ ಇಲ್ಲ.

ಈಗ ಬಿಳಿ ರಕ್ತಕಣದ ವಿಚಾರಕ್ಕೆ ಬರೋಣ. ಬಿಳಿ ರಕ್ತಕಣ ಎಂದರೆ ಒಂದೇ ಬಗೆಯ ಕಣವಲ್ಲ. ನಿಮ್ಮ ಮಗಳ ಕಾಯಿಲೆಯಲ್ಲಿ ಮುಖ್ಯವಾದವು ಟಿ ಕೋಶಗಳು. ಇವು ಮೂಳೆಯ ಮಜ್ಜೆಯಲ್ಲಿ ಹುಟ್ಟಿ, ಎದೆಮೂಳೆಯ ಹಿಂದೆ ಇರುವ ಥೈಮಸ್ ಎಂಬ ಗ್ರಂಥಿಗೆ ಹೋಗಿ ಬೆಳೆಯುತ್ತವೆ. ಚಿಕ್ಕ ಮಕ್ಕಳಲ್ಲಿ ಈ ಗ್ರಂಥಿ ದೊಡ್ಡದಾಗಿರುತ್ತದೆ, ಚುರುಕಾಗಿರುತ್ತದೆ. ಅಲ್ಲಿ ಪ್ರತಿ ಟಿ ಕೋಶದ ಪರೀಕ್ಷೆ ನಡೆಯುತ್ತದೆ. ನಮ್ಮ ದೇಹದ ಭಾಗಗಳ ಮೇಲೆಯೇ ಜೋರಾಗಿ ಕೆರಳುವ ಕೋಶಗಳು ಅಲ್ಲೇ ಸಾಯುತ್ತವೆ. ಆದರೆ ಈ ಪರೀಕ್ಷೆ ನೂರಕ್ಕೆ ನೂರು ನಡೆಯುವುದಿಲ್ಲ. ನನ್ನಲ್ಲೂ ನಿಮ್ಮಲ್ಲೂ ಕೆಲವು ತಪ್ಪಿಸಿಕೊಂಡು ಓಡಾಡುತ್ತಿರುತ್ತವೆ.

ಹಾಗಿದ್ದರೆ ನಮಗೆಲ್ಲ ಈ ಕಾಯಿಲೆ ಯಾಕಿಲ್ಲ? ತಡೆಯುವುದಕ್ಕೆಂದೇ ಇನ್ನೊಂದು ಬಗೆಯ ಟಿ ಕೋಶಗಳಿವೆ. ಅವುಗಳಿಗೆ ನಿಯಂತ್ರಕ ಟಿ ಕೋಶ ಎನ್ನುತ್ತಾರೆ. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಇವುಗಳನ್ನು ಗುರುತಿಸಿ ತೋರಿಸಿದರು. 2001ರಲ್ಲಿ ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಫಾಕ್ಸ್‌ಪಿ3 ಎಂಬ ಜೀನನ್ನು ಕಂಡುಹಿಡಿದರು. ಈ ನಿಯಂತ್ರಕ ಕೋಶಗಳು ಬೆಳೆಯಲು ಅದೇ ಜೀನು ಬೇಕು ಎಂದು ಆಮೇಲೆ ಗೊತ್ತಾಯಿತು. ಆ ಜೀನು ಕೆಟ್ಟು ಹುಟ್ಟಿದ ಗಂಡುಮಕ್ಕಳಿಗೆ ಎಳವೆಯಲ್ಲೇ ಸಕ್ಕರೆ ಕಾಯಿಲೆ, ತಡೆಯದ ಭೇದಿ, ಚರ್ಮದ ಉರಿಯೂತ ಎಲ್ಲ ಒಟ್ಟಿಗೆ ಬರುತ್ತವೆ. ತಡೆಯುವ ಕೋಶ ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಈ ಮೂವರಿಗೂ 2025ರ ನೊಬೆಲ್ ಬಂತು.

ನಿಮ್ಮ ಮಗಳ ಮಂಡಿಯೊಳಗೆ ಕೆಟ್ಟಿರುವುದು ಈ ಹೊಂದಾಣಿಕೆ. ಕೀಲಿನ ಒಳಗೊಂದು ತೆಳು ಪೊರೆ ಇರುತ್ತದೆ. ಆರೋಗ್ಯವಾಗಿದ್ದಾಗ ಅದು ಒಂದೆರಡು ಕೋಶಗಳಷ್ಟೇ ದಪ್ಪ. ಕೀಲು ಸಲೀಸಾಗಿ ಆಡಲು ಬೇಕಾದ ಜಾರು ದ್ರವವನ್ನು ಅದೇ ಒದಗಿಸುತ್ತದೆ. ಈ ಕಾಯಿಲೆಯಲ್ಲಿ ಆ ಪೊರೆಗೆ ಟಿ ಕೋಶಗಳು ಬಂದು ತುಂಬಿಕೊಳ್ಳುತ್ತವೆ. ಅವು ಇಂಟರ್‌ಫೆರಾನ್ ಗಾಮಾ, ಐಎಲ್-17 ಎಂಬ ರಾಸಾಯನಿಕಗಳನ್ನು ಬಿಡುತ್ತವೆ. ಅದರಿಂದ ಮ್ಯಾಕ್ರೋಫೇಜ್ ಎಂಬ ಇನ್ನೊಂದು ಬಗೆಯ ಕೋಶ ಕೆರಳಿ ಟಿಎನ್‌ಎಫ್, ಐಎಲ್-1, ಐಎಲ್-6 ಎಂಬ ಇನ್ನಷ್ಟು ರಾಸಾಯನಿಕಗಳನ್ನು ಬಿಡುತ್ತದೆ. ಪೊರೆ ದಪ್ಪವಾಗುತ್ತದೆ, ಹೊಸ ರಕ್ತನಾಳ ಬೆಳೆಯುತ್ತವೆ, ನೀರು ತುಂಬುತ್ತದೆ. ನೀವು ಮುಟ್ಟಿದಾಗ ಬೆಚ್ಚಗೆ, ಮೆತ್ತಗೆ ಅನ್ನಿಸುವುದು ಇದೇ. ರಾತ್ರಿಯೆಲ್ಲ ಅಲ್ಲಾಡಿಸದೆ ಮಲಗಿದ್ದಾಗ ಕೀಲು ಬಿಗಿಯುತ್ತದೆ, ಅದಕ್ಕೇ ಬೆಳಿಗ್ಗೆ ಕುಂಟು. ಓಡಾಡಿದ ಮೇಲೆ ಸಡಿಲ. ಎಷ್ಟೋ ಅಪ್ಪ ಅಮ್ಮಂದಿರು ಮಧ್ಯಾಹ್ನ ಮಗು ಆಡುವುದನ್ನು ನೋಡಿ, ಬೆಳಿಗ್ಗೆ ಸುಮ್ನೆ ಅಂಗನವಾಡಿಗೆ ಹೋಗಲು ಹಟ ಮಾಡುತ್ತಿದೆ ಅಂದುಕೊಳ್ಳುತ್ತಾರೆ. ನೀವು ಹಾಗೆ ಬಿಡದೆ ತೋರಿಸಿದಿರಿ, ಒಳ್ಳೆಯದಾಯಿತು.

ಇಂಥ ಮಕ್ಕಳ ಮಂಡಿಯ ನೀರು ತೆಗೆದು ನೋಡಿದ ಸಂಶೋಧಕರಿಗೆ ಒಂದು ಆಶ್ಚರ್ಯ ಕಾದಿತ್ತು. ತಡೆಯುವ ಕೋಶಗಳು ಅಲ್ಲಿ ಕಡಿಮೆ ಇರಬಹುದು ಎಂದು ಹುಡುಕಿದರೆ, ರಕ್ತದಲ್ಲಿ ಇರುವುದಕ್ಕಿಂತ ಜಾಸ್ತಿಯೇ ಸಿಕ್ಕವು. ಹೊರಗೆ ತೆಗೆದು ಪರೀಕ್ಷಿಸಿದರೆ ಕೆಲಸವನ್ನೂ ಮಾಡುತ್ತಿದ್ದವು. ತೊಂದರೆ ಇದ್ದದ್ದು ಎದುರಿನವುಗಳಲ್ಲಿ. ಕೆರಳಿದ ಟಿ ಕೋಶಗಳು ತಡೆಗೆ ಬಗ್ಗುತ್ತಲೇ ಇರಲಿಲ್ಲ. ಕೀಲಿನೊಳಗಿನ ಟಿಎನ್‌ಎಫ್, ಐಎಲ್-6ಗಳೇ ಅವುಗಳನ್ನು ಹಾಗೆ ಮೊಂಡು ಮಾಡುತ್ತವೆ. ಉರಿಯೂತ ತನಗೆ ತಾನೇ ಇಂಬು ಕೊಟ್ಟುಕೊಳ್ಳುತ್ತದೆ. ಇನ್ನೊಂದು ಅಧ್ಯಯನದಲ್ಲಿ ಕಂಡದ್ದು: ಕಾಯಿಲೆ ಕೆಲವೇ ಕೀಲುಗಳಲ್ಲಿ ನಿಂತ ಮಕ್ಕಳ ಮಂಡಿ ನೀರಿನಲ್ಲಿ, ಕಾಯಿಲೆ ಹರಡಿದ ಮಕ್ಕಳಿಗಿಂತ ನಿಯಂತ್ರಕ ಕೋಶಗಳು ಹೆಚ್ಚು ಇದ್ದವು. ಅಂದರೆ ಅವು ಪೂರ್ತಿ ಸೋತಿರುವುದಿಲ್ಲ. ಚಿಕಿತ್ಸೆಯಿಂದ ನಾವು ಮಾಡಬೇಕಾದದ್ದು ಅವುಗಳಿಗೆ ಅನುಕೂಲ ಮಾಡಿಕೊಡುವುದು.

ಅದೇ ಮಂಡಿಗೆ ಯಾಕೆ ಮತ್ತೆ ಬಂತು ಎಂದು ಕೇಳಿದಿರಿ. ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ್ದು ಈ ಪ್ರಶ್ನೆ, ಮಾತ್ರೆ ಶುರು ಮಾಡಬೇಕೋ ಬೇಡವೋ ಎನ್ನುವುದಕ್ಕೆ ಉತ್ತರವೂ ಇದರಲ್ಲೇ ಇದೆ. ಟಿ ಕೋಶಗಳಿಗೆ ನೆನಪು ಇರುತ್ತದೆ. ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆ ವರ್ಷಗಟ್ಟಲೆ ಕಾಪಾಡುವುದರಲ್ಲಿ ಇಂಥ ನೆನಪಿನ ಕೋಶಗಳ ಪಾತ್ರವೂ ಇದೆ. ಕೀಲಿನಲ್ಲಿ ಸೇರಿದ ಟಿ ಕೋಶಗಳಲ್ಲಿ ಹೆಚ್ಚಿನವು ಈ ಜಾತಿಯವು. ಊತ ಇಳಿದ ಮೇಲೂ ಕೆಲವು ಕೋಶಗಳು ಪೊರೆಯೊಳಗೇ ಉಳಿದುಬಿಡುತ್ತವೆ. ಒಂದೇ ಮಗುವಿನ ಕೀಲಿನ ನೀರನ್ನು ಬೇರೆ ಬೇರೆ ಕಾಲದಲ್ಲಿ ತೆಗೆದು ನೋಡಿದಾಗ, ಅದೇ ಟಿ ಕೋಶಗಳ ಸಂತತಿ ಮತ್ತೆ ಮತ್ತೆ ಸಿಕ್ಕಿದೆ. ಎರಡೂ ಮಂಡಿ ಊದಿದ ಮಗುವಿನಲ್ಲಿ ಎರಡು ಕಡೆಯೂ ಅದೇ ಸಂತತಿ ಇದ್ದದ್ದುಂಟು. ನಿಮ್ಮ ಕಡೆ ಕಬ್ಬು ಬೆಳೆಯುವವರಿಗೆ ಇದು ಬೇಗ ತಿಳಿಯುತ್ತದೆ. ಕಬ್ಬು ಕಡಿದ ಮೇಲೆ ಗದ್ದೆ ಖಾಲಿ ಕಂಡರೂ ನೆಲದಲ್ಲಿ ಕೂಳೆ ಇರುತ್ತದೆ, ನೀರು ಬಿಟ್ಟರೆ ಚಿಗುರುತ್ತದೆ, ಅಲ್ವಾ? ಮಂಡಿಗೆ ಹಾಕಿದ ಸ್ಟೀರಾಯ್ಡ್ ಇಂಜೆಕ್ಷನ್ ಊತವನ್ನು ತಿಂಗಳುಗಟ್ಟಲೆ ಇಳಿಸುತ್ತದೆ. ಕೆಲವು ಮಕ್ಕಳಿಗೆ ಅಷ್ಟೇ ಸಾಕಾಗುತ್ತದೆ. ನಿಮ್ಮ ಮಗಳಿಗೆ ಸಾಕಾಗಲಿಲ್ಲ, ಇನ್ನೊಂದು ಕೀಲೂ ಸೇರಿಕೊಂಡಿತು. ಆಗ ಒಂದೊಂದೇ ಕೀಲಿನ ಹಿಂದೆ ಓಡುವುದಕ್ಕಿಂತ, ಒಳಗಿನಿಂದ ಈ ಕೋಶಗಳನ್ನು ಬಹಳ ಕಾಲ ಶಾಂತವಾಗಿಡುವ ಔಷಧಿ ಬೇಕು. ನಿಮ್ಮ ಡಾಕ್ಟರು ಮೆಥೋಟ್ರೆಕ್ಸೇಟ್ ಬರೆದದ್ದು ಇದಕ್ಕೆ. ನಾನಾಗಿದ್ದರೂ ಅದನ್ನೇ ಬರೆಯುತ್ತಿದ್ದೆ.

ಕ್ಯಾನ್ಸರ್ ಮಾತ್ರೆ ಅನ್ನುವ ಮಾತು ಎಷ್ಟು ಮನೆಗಳಲ್ಲಿ ನಿದ್ದೆಗೆಡಿಸಿದೆಯೋ! ರಕ್ತದ ಕ್ಯಾನ್ಸರಿಗೆ ಈ ಔಷಧಿ ಕೊಡುವುದು ನಿಜ. ಆದರೆ ಅಲ್ಲಿ ಕೆಲವು ಹಂತಗಳಲ್ಲಿ ಕೊಡುವ ಪ್ರಮಾಣ ಇದರ ಎಷ್ಟೋ ಪಟ್ಟು. ಸಂಧಿವಾತಕ್ಕೆ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 10ರಿಂದ 15 ಮಿಲಿಗ್ರಾಂ, ಅದೂ ವಾರಕ್ಕೆ ಒಂದೇ ಸಲ. ನಾಲ್ಕು ವರ್ಷದ ಮಗುವಿನ ಮೇಲ್ಮೈ ಒಂದು ಚದರ ಮೀಟರಿಗಿಂತ ಬಹಳ ಕಡಿಮೆ. ಈ ಸಣ್ಣ ಪ್ರಮಾಣದಲ್ಲಿ ಅದು ಕೋಶಗಳ ಹೊರಗೆ ಅಡಿನೋಸಿನ್ ಎಂಬ ವಸ್ತುವನ್ನು ಹೆಚ್ಚಿಸುತ್ತದೆ. ಅದರಿಂದ ಕೆರಳಿದ ಕೋಶಗಳು ತಣ್ಣಗಾಗುತ್ತವೆ. ಇದು ಮಕ್ಕಳಲ್ಲಿ ಕೆಲಸ ಮಾಡುತ್ತದೆ ಎಂದು ಅಮೆರಿಕ ಮತ್ತು ಆಗಿನ ಸೋವಿಯತ್ ಒಕ್ಕೂಟದ ವೈದ್ಯರು ಒಟ್ಟಾಗಿ ಪರೀಕ್ಷೆ ನಡೆಸಿ 1992ರಲ್ಲಿ ಪ್ರಕಟಿಸಿದರು. ಮೂವತ್ತು ವರ್ಷಗಳಿಗೂ ಹೆಚ್ಚಿನ ಅನುಭವ ಇದರ ಹಿಂದೆ ಇದೆ.

ಒಂದು ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ವಾರಕ್ಕೆ ಒಂದು ದಿನ ಎಂದರೆ ಒಂದೇ ದಿನ. ದಿನಾ ಕೊಟ್ಟರೆ ಜೀವಕ್ಕೇ ಅಪಾಯ. ಶನಿವಾರವೋ ಭಾನುವಾರವೋ ಒಂದು ದಿನ ಗೊತ್ತು ಮಾಡಿ. ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಕೊಟ್ಟ ಮೇಲೆ ಅದರ ಮೇಲೆ ಗೀಟು ಎಳೆಯಿರಿ. ಮಾತ್ರೆ ಕೊಡುವ ಕೆಲಸ ಮನೆಯಲ್ಲಿ ಒಬ್ಬರದೇ ಇರಲಿ. ಜೊತೆಗೆ ಬರೆದಿರುವ ಫೋಲಿಕ್ ಆಸಿಡ್ ಬೇರೆ ಮಾತ್ರೆ, ಎರಡೂ ಹಳದಿ ಬಣ್ಣ ಇರಬಹುದು, ಅದಲು ಬದಲು ಆಗದಿರಲಿ. ಕೆಲವು ಮಕ್ಕಳಿಗೆ ವಾಕರಿಕೆ ಬರುತ್ತದೆ. ರಾತ್ರಿ ಊಟದ ಮೇಲೆ ಕೊಟ್ಟರೆ ಎಷ್ಟೋ ಕಡಿಮೆ. ಆಗಲೂ ನಿಲ್ಲದಿದ್ದರೆ ನೀವಾಗಿಯೇ ಬಿಡಿಸಬೇಡಿ, ಡಾಕ್ಟರಿಗೆ ಹೇಳಿ, ಅದಕ್ಕೂ ದಾರಿ ಇದೆ. ಯಕೃತ್ತು ಮತ್ತು ರಕ್ತಕಣಗಳ ಪರೀಕ್ಷೆಯನ್ನು ಅವರು ಹೇಳಿದ ಹೊತ್ತಿಗೆ ಮಾಡಿಸಿ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಮೊದಲ ತಿಂಗಳಲ್ಲೇ ಏನೂ ಆಗಲಿಲ್ಲ ಎಂದು ಕೈಬಿಡುವವರು ಬಹಳ, ಹಾಗೆ ಮಾಡಬೇಡಿ. ಊತ ಇಳಿದ ಕೂಡಲೇ ನಿಲ್ಲಿಸುವುದೂ ಬೇಡ. ಪೊರೆಯಲ್ಲಿ ಉಳಿದ ಕೋಶಗಳ ಕಥೆ ಈಗ ನಿಮಗೆ ಗೊತ್ತಿದೆ.

ಇದನ್ನು ಕೊಟ್ಟರೆ ಎಲ್ಲ ಸೋಂಕೂ ಬರುತ್ತದೆಯೇ? ಇಲ್ಲ. ಈ ಪ್ರಮಾಣದಲ್ಲಿ ಹೆಚ್ಚಿನ ಮಕ್ಕಳು ಬೇರೆಯವರ ಹಾಗೆಯೇ ನೆಗಡಿ ಜ್ವರ ಬಂದು ಹುಷಾರಾಗುತ್ತಾರೆ. ಜೋರು ಜ್ವರ ಬಂದರೆ ಆ ವಾರದ ಮಾತ್ರೆ ಕೊಡುವ ಮೊದಲು ಡಾಕ್ಟರಿಗೆ ಫೋನು ಮಾಡಿ. ಹತ್ತಿರದ ಮಕ್ಕಳಿಗೆ ಸೀತಾಳೆ ಸಿಡುಬು, ಅಂದರೆ ಚಿಕನ್ ಪಾಕ್ಸ್ ಬಂದಿದ್ದರೆ ಅದೇ ದಿನ ತಿಳಿಸಿ. ಸತ್ತ ರೋಗಾಣುವಿನ ಲಸಿಕೆಗಳನ್ನು ಧಾರಾಳವಾಗಿ ಹಾಕಿಸಬಹುದು. ಜೀವಂತ ರೋಗಾಣುವಿನ ಲಸಿಕೆಗಳನ್ನು ಮಾತ್ರ ಕೇಳದೆ ಹಾಕಿಸಬೇಡಿ. ದಡಾರದ್ದು, ಚಿಕನ್ ಪಾಕ್ಸಿನದು, ಪಲ್ಸ್ ಪೋಲಿಯೊ ದಿನ ಬಾಯಿಗೆ ಹಾಕುವ ಹನಿ ಎಲ್ಲ ಈ ಜಾತಿಗೆ ಸೇರಿದವು. ಆಶಾ ಕಾರ್ಯಕರ್ತೆಗೆ ಮಗುವಿನ ಔಷಧಿಯ ಹೆಸರು ಮೊದಲೇ ಹೇಳಿಡಿ.

ಅಮೃತಬಳ್ಳಿ ಕಷಾಯ ನಿಲ್ಲಿಸಿ. ನಿಮ್ಮ ಮಗಳಿಗೆ ರೋಗನಿರೋಧಕ ಶಕ್ತಿ ಕಡಿಮೆ ಆಗಿಲ್ಲ, ಅದನ್ನು ಹೆಚ್ಚಿಸುವ ಅಗತ್ಯವೂ ಇಲ್ಲ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಉರಿಯೂತ ಕಂಡದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಮೆಥೋಟ್ರೆಕ್ಸೇಟೂ ಯಕೃತ್ತಿನ ಮೇಲೆ ಭಾರ ಹಾಕುವ ಔಷಧಿ. ಎರಡೂ ಸೇರುವುದು ಬೇಡ. ಹೆಸರಿಲ್ಲದ ಪುಡಿ, ಗುಳಿಗೆ ಕೊಡುವವರ ಹತ್ತಿರವಂತೂ ಹೋಗಲೇಬೇಡಿ. ಅವುಗಳಲ್ಲಿ ಸ್ಟೀರಾಯ್ಡ್ ಸೇರಿರುವುದು ಆಗಾಗ ಪತ್ತೆಯಾಗಿದೆ. ಎರಡು ದಿನದಲ್ಲಿ ಗುಣ ಕಂಡಂತಾಗಿ, ಆಮೇಲೆ ಮಗುವಿನ ಬೆಳವಣಿಗೆಯೇ ಕುಂಠಿತವಾಗುತ್ತದೆ.

ಬದನೆಕಾಯಿಗೂ ಈ ಕಾಯಿಲೆಗೂ ಸಂಬಂಧ ಇಲ್ಲ. ನಿಮ್ಮತ್ತೆಯವರು ಮೊಮ್ಮಗಳ ಮೇಲಿನ ಅಕ್ಕರೆಯಿಂದಲೇ ನಿಲ್ಲಿಸಿದ್ದಾರೆ, ಅವರಿಗೆ ನೋವಾಗದಂತೆ ಹೇಳಿ. ಮೊಸರು ಮಾತ್ರ ಮತ್ತೆ ಕೊಡಿ, ರಾಗಿ ಮುದ್ದೆ, ಸೊಪ್ಪಿನ ಸಾರು, ಹಾಲು, ಮೊಟ್ಟೆ ಎಲ್ಲ ಇರಲಿ. ಕೀಲಿನ ಉರಿಯೂತ ಇರುವ ಮಗುವಿಗೆ ಮೂಳೆ ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕೇ ಬೇಕು. ಆಟವನ್ನೂ ನಿಲ್ಲಿಸಬೇಡಿ. ಮಂಡಿ ಮಡಚಿಟ್ಟು ಕೂತರೆ ಅದು ಮಡಚಿದಂತೆಯೇ ನಿಂತುಬಿಡುವ ಅಪಾಯ ಇದೆ. ಊದಿದ ಕೀಲನ್ನು ಎಳೆಯುವುದು, ಬಿಗಿಯಾಗಿ ನಾಟಿ ಕಟ್ಟು ಕಟ್ಟಿಸುವುದು ಬೇಡ. ಅಂದ ಹಾಗೆ, ಅವಳನ್ನು ನೆಟ್ಟಗೆ ಮಲಗಿಸಿ ಎರಡೂ ಕಾಲಿನ ಉದ್ದ ಒಮ್ಮೆ ನೋಡಿ. ಉರಿಯೂತದಿಂದ ಮಂಡಿಗೆ ರಕ್ತ ಜಾಸ್ತಿ ಹರಿದು, ಆ ಕಾಲಿನ ಮೂಳೆ ಬೇಗ ಬೆಳೆದು ಉದ್ದವಾಗುವುದುಂಟು. ವ್ಯತ್ಯಾಸ ಕಂಡರೆ ಡಾಕ್ಟರಿಗೆ ತೋರಿಸಿ.

ಆರ್‌ಎ ಫ್ಯಾಕ್ಟರ್ ಬಗ್ಗೆ ಹೇಳುವುದಾದರೆ, ಅದು ಇನ್ನೊಂದು ಬಗೆಯ ಬಿಳಿ ರಕ್ತಕಣಗಳಾದ ಬಿ ಕೋಶಗಳು ತಯಾರಿಸುವ ಒಂದು ಪ್ರತಿಕಾಯ. ದೊಡ್ಡವರ ಸಂಧಿವಾತದಲ್ಲಿ ಅದು ಹೆಚ್ಚಿನವರಲ್ಲಿ ಪಾಸಿಟಿವ್. ಮಕ್ಕಳಲ್ಲಿ ನೂರಕ್ಕೆ ಐದರ ಆಸುಪಾಸು ಮಾತ್ರ. ಹಾಗಾಗಿ ನೆಗೆಟಿವ್ ಬಂದರೆ ಕಾಯಿಲೆ ಇಲ್ಲ ಎಂದಲ್ಲ. 16 ವರ್ಷದೊಳಗೆ ಶುರುವಾಗಿ, ಕನಿಷ್ಠ ಆರು ವಾರ ಕೀಲು ಊದಿದ್ದು, ಬೇರೆ ಕಾರಣ ಸಿಗದಿದ್ದರೆ ಈ ಹೆಸರು ಕೊಡುತ್ತಾರೆ. ಬೇರೆ ಕಾರಣ ಎಂದರೆ ಕೀಲಿನ ಕ್ಷಯ, ಚಿಕುನ್‌ಗುನ್ಯಾ, ಗಂಟಲು ಸೋಂಕಿನ ನಂತರದ ರುಮಾಟಿಕ್ ಜ್ವರ, ಅಪರೂಪಕ್ಕೆ ರಕ್ತದ ಕ್ಯಾನ್ಸರು. ರಾತ್ರಿ ನೋವಿಗೆ ಎಚ್ಚರಗೊಂಡು ಅಳುವ, ಮುಖ ಬಿಳುಚಿಕೊಂಡ ಮಗುವನ್ನು ಮೊದಲು ಆ ದಿಕ್ಕಿನಲ್ಲಿ ನೋಡಬೇಕು. ನಿಮ್ಮ ಮಗಳ ಚಿತ್ರ ಅದಲ್ಲ.

ಇದನ್ನು ಓದುವ ಬೇರೆ ತಂದೆ ತಾಯಂದಿರಿಗೂ ಒಂದೆರಡು ಮಾತು ಹೇಳಬೇಕು, ಯಾಕೆಂದರೆ ಮಕ್ಕಳ ಸಂಧಿವಾತ ಒಂದೇ ಬಗೆಯದಲ್ಲ. ನಮ್ಮ ದೇಶದ ಕ್ಲಿನಿಕ್‌ಗಳಲ್ಲಿ ಹಿಮ್ಮಡಿ ನೋವು, ಸೊಂಟದ ಬಿಗಿತ ಎಂದು ಬರುವ ಹತ್ತು ಹನ್ನೆರಡು ವರ್ಷದ ಗಂಡುಹುಡುಗರು ಬಹಳ. ಅವರಲ್ಲಿ ಎಚ್‌ಎಲ್‌ಎ-ಬಿ27 ಎಂಬ ಜೀನು ಹೆಚ್ಚಾಗಿ ಕಾಣುತ್ತದೆ. ಇನ್ನೊಂದು ಬಗೆಯಲ್ಲಿ ದಿನಾ ಏರಿ ಇಳಿಯುವ ಜ್ವರ, ಮೈಮೇಲೆ ಬಂದು ಹೋಗುವ ತಿಳಿಗೆಂಪು ಗಂಧೆ. ಲಂಡನ್ನಿನ ಜಾರ್ಜ್ ಸ್ಟಿಲ್ 1897ರಲ್ಲೇ ಇದನ್ನು ವಿವರಿಸಿದ್ದರು. ಅಲ್ಲಿ ಟಿ ಕೋಶಗಳಿಗಿಂತ ಮೋನೊಸೈಟ್, ನ್ಯೂಟ್ರೋಫಿಲ್ ಎಂಬ ಕಣಗಳದ್ದೇ ಜೋರು, ಐಎಲ್-1, ಐಎಲ್-6, ಐಎಲ್-18 ಉಕ್ಕಿ ಹರಿಯುತ್ತವೆ. ಇಂಥ ಮಗುವಿಗೆ ಜ್ವರ ಬಿಡದೆ ನಿಂತು, ಪ್ಲೇಟ್‌ಲೆಟ್ ಇಳಿದು, ಫೆರಿಟಿನ್ ಎಂಬ ರಕ್ತದ ಪ್ರೋಟೀನು ಸಾವಿರಗಟ್ಟಲೆ ಏರಿದರೆ ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ಆಗ ಇಎಸ್‌ಆರ್ ಎಂಬ ಉರಿಯೂತದ ರಕ್ತಪರೀಕ್ಷೆಯ ಅಂಕಿ ಕಡಿಮೆಯಾಗುವುದೂ ಉಂಟು. ಅದನ್ನು ಗುಣ ಎಂದು ತಪ್ಪು ತಿಳಿಯಬಾರದು.

ಮೆಥೋಟ್ರೆಕ್ಸೇಟ್ ಸಾಕಾಗದಿದ್ದರೆ ಮುಂದೆ ಇಂಜೆಕ್ಷನ್‌ಗಳಿವೆ. ಅಡಾಲಿಮುಮ್ಯಾಬ್ ಟಿಎನ್‌ಎಫ್ ಅನ್ನು ಹಿಡಿದಿಡುತ್ತದೆ, ಟೊಸಿಲಿಜುಮ್ಯಾಬ್ ಐಎಲ್-6ರ ಕೆಲಸ ತಡೆಯುತ್ತದೆ, ಅಬಾಟಾಸೆಪ್ಟ್ ಟಿ ಕೋಶ ಕೆರಳುವುದನ್ನೇ ತಡೆಯುತ್ತದೆ. ಟಿಎನ್‌ಎಫ್ ತಡೆಯುವ ಔಷಧಿಗೆ ಮೊದಲು ಕ್ಷಯದ ಪರೀಕ್ಷೆ ಕಡ್ಡಾಯ. ಮೈಯಲ್ಲಿ ಅಡಗಿರುವ ಕ್ಷಯದ ರೋಗಾಣುವನ್ನು ಕೋಶಗಳು ಸುತ್ತುವರಿದು ಕಟ್ಟಿಹಾಕಲು ಅದೇ ಟಿಎನ್‌ಎಫ್ ಬೇಕು. ಈ ಇಂಜೆಕ್ಷನ್‌ಗಳಿಗೆ ಖರ್ಚು ಜಾಸ್ತಿ. ಆ ಹೊತ್ತು ಬಂದರೆ ಯಾವ ಸರ್ಕಾರಿ ಯೋಜನೆಯಲ್ಲಿ ಸಹಾಯ ಸಿಗುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಈಗಲೇ ಅದರ ಚಿಂತೆ ಬೇಡ.

ಈಗ ನೀವು ಕೇಳದೆ ಬಿಟ್ಟ ಒಂದು ವಿಷಯ. ಮಗಳ ಕಣ್ಣು ತೋರಿಸಿದ್ದೀರಾ? ಪತ್ರದಲ್ಲಿ ಎಲ್ಲೂ ಬರೆದಿಲ್ಲ. ಎಎನ್ಎ ಎಂಬ ಇನ್ನೊಂದು ಪ್ರತಿಕಾಯ ಪಾಸಿಟಿವ್ ಇರುವ, ಕೆಲವೇ ಕೀಲು ಊದಿದ, ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಇದೇ ಬಗೆಯ ಉರಿಯೂತ ಕಣ್ಣಿನೊಳಗೂ ಶುರುವಾಗಬಹುದು. ಕಣ್ಣು ಕೆಂಪಾಗುವುದಿಲ್ಲ. ನೋಯುವುದಿಲ್ಲ. ಮಗುವಿಗೂ ಗೊತ್ತಾಗುವುದಿಲ್ಲ, ಹೆತ್ತವರಿಗೂ ಗೊತ್ತಾಗುವುದಿಲ್ಲ. ಮಂಡಿ ಚೆನ್ನಾಗಿರುವಾಗಲೂ ಬರುತ್ತದೆ. ಬಿಟ್ಟರೆ ಕಣ್ಣಿನ ಪೊರೆ, ಕಣ್ಣಿನೊಳಗೆ ಒತ್ತಡ ಏರುವ ಗ್ಲಾಕೋಮಾ, ಕೊನೆಗೆ ದೃಷ್ಟಿಯೇ ಹೋಗಬಹುದು. ಮೊದಲೇ ಹಿಡಿದರೆ ಹನಿ ಔಷಧಿಯಿಂದ, ಬೇಕಾದರೆ ಇದೇ ಮೆಥೋಟ್ರೆಕ್ಸೇಟ್ ಮತ್ತು ಅಡಾಲಿಮುಮ್ಯಾಬ್‌ನಿಂದ ಕಣ್ಣು ಉಳಿಯುತ್ತದೆ. ಈ ಎರಡನ್ನೂ ಸೇರಿಸಿ ಕೊಟ್ಟರೆ ಹೆಚ್ಚು ಗುಣ ಎಂದು ಬ್ರಿಟನ್ನಿನ ಅಧ್ಯಯನ 2017ರಲ್ಲಿ ತೋರಿಸಿತು. ಪರೀಕ್ಷೆಯನ್ನು ಸ್ಲಿಟ್ ಲ್ಯಾಂಪ್ ಎಂಬ ಯಂತ್ರದಲ್ಲಿ ಮಾಡಬೇಕು. ಟಾರ್ಚ್ ಬಿಟ್ಟು ನೋಡಿದರೆ ಸಾಲದು. ಮಂಡ್ಯದ ಮಿಮ್ಸ್‌ನ ಕಣ್ಣಿನ ವಿಭಾಗಕ್ಕೋ ಮೈಸೂರಿನ ಕೆ.ಆರ್. ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೋ ಹೋಗಿ. ಸುಮ್ಮನೆ ಕಣ್ಣು ನೋಡಿ ಎಂದು ಕೇಳಬೇಡಿ. ಮಗುವಿಗೆ ಸಂಧಿವಾತ ಇದೆ, ಎಎನ್ಎ ಪಾಸಿಟಿವ್, ಕಣ್ಣಿನೊಳಗಿನ ಉರಿಯೂತ ಇದೆಯಾ ನೋಡಿ ಎಂದು ಹೇಳಿ, ರಿಪೋರ್ಟೂ ತೋರಿಸಿ. ಇಂದು ಏನೂ ಇಲ್ಲ ಅಂದರೂ ಮೂರು ತಿಂಗಳಿಗೊಮ್ಮೆ ಮತ್ತೆ ತೋರಿಸಬೇಕು. ಕಾಯಿಲೆ ಶುರುವಾದ ಮೊದಲ ನಾಲ್ಕು ವರ್ಷ ಇದನ್ನು ತಪ್ಪಿಸಲೇಬಾರದು. ಆಮೇಲೆ ಎಷ್ಟು ದಿನಕ್ಕೊಮ್ಮೆ ಎಂದು ಡಾಕ್ಟರೇ ಹೇಳುತ್ತಾರೆ.

ಈ ವಾರವೇ ಮಾತ್ರೆ ಶುರು ಮಾಡುವ ಬಗ್ಗೆ ನಿಮ್ಮ ಡಾಕ್ಟರಿಗೆ ಫೋನು ಮಾಡಿ. ಅದೇ ವಾರ ಕಣ್ಣೂ ತೋರಿಸಿ.